ಹುಬ್ಬಳ್ಳಿಯೋ, ಧಾರವಾಡವೋ, ಗದಗವೋ, ಹಾವೇರಿಯೋ: ಫೋರ್ ಬೈ ಫೋರ್ ಗಾಡಿ ಇಟ್ಟುಕೊಂಡವರು ಊರು ಆರಿಸುವ ಬಗೆ

ವರ್ಗಾವಣೆಯೋ ಹೊಸ ನೌಕರಿಯೋ, ಈ ಭಾಗಕ್ಕೆ ಮನೆ ಬದಲಿಸುವವರು ಮೊದಲು ವಿಚಾರಿಸುವುದು ಬಾಡಿಗೆ, ಸಾಲಿ, ನೀರು. ವಾರಕ್ಕೊಮ್ಮೆಯಾದರೂ ಫೋರ್ ಬೈ ಫೋರ್ ಗಾಡಿಯನ್ನು (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವಂಥದ್ದು) ಡಾಂಬರು ಬಿಟ್ಟು ಇಳಿಸದಿದ್ದರೆ ಸಮಾಧಾನವಿಲ್ಲ ಎನ್ನುವವರು ಆ ಮೂರಕ್ಕೂ ಮುಂಚೆ ಮಣ್ಣು ವಿಚಾರಿಸಬೇಕು. ಒಂದು ಹದ ಮಳೆ ಕಲಘಟಗಿ ಕಡೆ ಬಿದ್ದರೆ ಮೂರು ತಾಸಿನಲ್ಲಿ ದಾರಿ ಗಾಡಿಗೆ ಸಿದ್ಧ. ಅದೇ ಮಳೆ ನವಲಗುಂದ ಕಡೆ ಬಿದ್ದರೆ ಮೂರು ದಿನ ಚಕ್ಕಡಿಯೂ ಹೊಲಕ್ಕೆ ಇಳಿಯುವುದಿಲ್ಲ. ಎರಡೂ ಒಂದೇ ಜಿಲ್ಲೆ, ನಡುವೆ ಎಪ್ಪತ್ತು ಕಿಲೋಮೀಟರ್ ಕೂಡ ಇಲ್ಲ.

ಹೀಗಾಗಿ ನಾಲ್ಕರಲ್ಲಿ ಯಾವ ಊರು ಚಲೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಮನೆ ಬಾಗಿಲಿನಿಂದ ಅರ್ಧ ತಾಸಿನೊಳಗೆ ಯಾವ ಮಣ್ಣು ಸಿಗುತ್ತದೆ, ವರ್ಷದಲ್ಲಿ ಎಷ್ಟು ತಿಂಗಳು ಅದರ ಮೇಲೆ ಗಾಡಿ ಓಡಿಸಬಹುದು, ಏನಾದರೂ ಮುರಿದರೆ ಯಾರ ಕೈಗೆ ಒಪ್ಪಿಸುತ್ತೀರಿ ಎಂದು ಕೇಳಿಕೊಳ್ಳಿ.

ಹಂತ 1: ಎರಿ (ಕಪ್ಪು ಮಣ್ಣು) ಎಲ್ಲಿ ಮುಗಿಯುತ್ತದೆ, ಮಸಾರಿ (ಕೆಂಪು ಮಣ್ಣು) ಎಲ್ಲಿ ಶುರುವಾಗುತ್ತದೆ ಗುರುತಿಸಿ

ಹುಬ್ಬಳ್ಳಿ ಹೆಚ್ಚುಕಡಿಮೆ ಈ ಗೆರೆಯ ಮೇಲೇ ಕೂತಿದೆ. ಪೂರ್ವದ ಕಡೆ ಹೊರಟರೆ ಕುಂದಗೋಳ, ಅಣ್ಣಿಗೇರಿ, ನವಲಗುಂದ, ಮುಂದೆ ನರಗುಂದ, ರೋಣ. ಕಣ್ಣು ಹಾಯುವಷ್ಟು ದೂರ ಎರಿ ಹೊಲ. ಪಶ್ಚಿಮಕ್ಕೆ ಕಲಘಟಗಿ, ಧಾರವಾಡದಿಂದಾಚೆ ಅಳ್ನಾವರ; ಕೆಂಪು ಮಣ್ಣು, ಭತ್ತದ ಗದ್ದೆ, ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ದಿಬ್ಬ, ಆಮೇಲೆ ಕಾಡು. ಗದಗ ಜಿಲ್ಲೆಯಲ್ಲಿ ಉತ್ತರಕ್ಕೆ ಎರಿ, ದಕ್ಷಿಣಕ್ಕೆ ಕಪ್ಪತಗುಡ್ಡದ ಸುತ್ತ ಶಿರಹಟ್ಟಿ, ಮುಂಡರಗಿ ಕಡೆ ಕೆಂಪು, ಕಲ್ಲು, ಗರಸು. ಹಾವೇರಿ ಜಿಲ್ಲೆಯಲ್ಲಿ ಹಾನಗಲ್ ಕಡೆ ಮಲೆನಾಡಿನ ಸೆರಗು, ಪೂರ್ವಕ್ಕೆ ಹೋದಂತೆ ಎರಿ ಹೆಚ್ಚು.

ನಕ್ಷೆ ನೋಡಿ ತೀರ್ಮಾನಕ್ಕೆ ಬರಬೇಡಿ. ಮನೆ ನೋಡಲು ಹೋದ ದಿನವೇ ಊರಾಚೆಯ ನಾಲ್ಕೈದು ಕಡೆ ಮಣ್ಣು ಮುಟ್ಟಿ ನೋಡಿ. ಒಂದು ಹಿಡಿ ಮಣ್ಣಿಗೆ ನೀರು ಹನಿಸಿ, ರೊಟ್ಟಿ ಹಿಟ್ಟಿನಂತೆ ನಾದಿ, ಅಂಗೈ ನಡುವೆ ಪೆನ್ಸಿಲ್ ದಪ್ಪಕ್ಕೆ ಹೊಸೆಯಿರಿ. ಅದನ್ನು ಬಾಗಿಸಿ ಉಂಗುರ ಮಾಡಿದಾಗ ಬಿರುಕು ಬಿಡದೆ ನಿಂತರೆ ಅದು ಜಿಗುಟು ಎರಿ. ಹೊಸೆಯುವಾಗಲೇ ತುಂಡಾದರೆ ಗರಸು ಬೆರೆತ ಮಸಾರಿ, ನೀರು ಇಳಿದುಹೋಗುವ ಮಣ್ಣು. ಮಳೆಗಾಲವಾಗಿದ್ದರೆ ಇನ್ನೂ ಸುಲಭ: ಹೊಲದ ದಾರಿಯಲ್ಲಿ ಇಪ್ಪತ್ತು ಹೆಜ್ಜೆ ನಡೆಯಿರಿ. ಚಪ್ಪಲಿ ಹೆಜ್ಜೆಹೆಜ್ಜೆಗೂ ಭಾರವಾಗಿ ನೀವೇ ಎರಡಿಂಚು ಎತ್ತರವಾದರೆ ನಿಮ್ಮ ಟೈರಿಗೂ ಅದೇ ಗತಿ.

ಎರಿ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಉಬ್ಬಿದ ಎರಿಯಲ್ಲಿ ಗಾಡಿ ಸಿಗಿಬೀಳುವುದಕ್ಕೆ ಎಂಜಿನ್ ಶಕ್ತಿ ಸಾಲದ್ದು ಕಾರಣವಲ್ಲ. ಟೈರಿನ ಹಲ್ಲುಗಳ ಸಂದಿ ಮೊದಲ ಎರಡು ಸುತ್ತಿನಲ್ಲೇ ತುಂಬಿ, ಟೈರು ಬೋಳು ಉರುಳೆಯಾಗುತ್ತದೆ. ಆಮೇಲೆ ಡಿಫರೆನ್ಶಿಯಲ್ ಲಾಕ್ (ಎಡ ಬಲ ಚಕ್ರಗಳನ್ನು ಒಂದೇ ವೇಗಕ್ಕೆ ಕಟ್ಟುವ ಸಾಧನ) ಹಾಕಿದರೂ ನಾಲ್ಕು ಬೋಳು ಉರುಳೆಗಳು ಒಟ್ಟಿಗೆ ತಿರುಗುತ್ತವೆ, ಅಷ್ಟೇ. ಮಡ್ ಟೆರೇನ್ (ರಾಡಿಗೆಂದೇ ಮಾಡಿದ) ಟೈರಿನ ಸಂದಿ ಅಗಲವಾದ್ದರಿಂದ ವೇಗವಾಗಿ ತಿರುಗಿಸಿದರೆ ಒಂದಿಷ್ಟು ರಾಡಿ ಎಸೆದು ತೊಳೆದುಕೊಳ್ಳುತ್ತದೆ. ಆಲ್ ಟೆರೇನ್ (ಎಲ್ಲ ಬಗೆಯ ನೆಲಕ್ಕೆಂದು ಮಾಡಿದ) ಟೈರಿಗೆ ಅದು ಸಾಧ್ಯವಿಲ್ಲ. ಮುಂದಿನ ಹಂತದಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಟ್ಟಿಯಾಗಿ ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗಲೂ ಆಕ್ಸಿಲರೇಟರ್ ಒತ್ತಿದರೆ ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಬರುತ್ತದೆ.

ಬೇಸಿಗೆಯ ಎರಿಯನ್ನೂ ನಂಬುವಂತಿಲ್ಲ. ಏಪ್ರಿಲ್ ಹೊತ್ತಿಗೆ ಅಂಗೈ ಅಗಲದ ಬಿರುಕುಗಳು. ಅಡ್ಡ ದಾಟಿದರೆ ತೊಂದರೆಯಿಲ್ಲ, ಬಿರುಕಿನ ಗುಂಟ ಚಕ್ರ ಇಳಿದರೆ ಟೈರಿನ ಪಕ್ಕೆ ಸೀಳುತ್ತದೆ. ಹತ್ತಿ, ತೊಗರಿ ಕೊಯ್ದ ಹೊಲದ ಕೂಳಿ ಇನ್ನೂ ಕೆಟ್ಟದ್ದು: ಓರೆಯಾಗಿ ಕತ್ತರಿಸಿದ ಗಟ್ಟಿ ಕಡ್ಡಿ ಮೊಳೆಯಂತೆ ಪಕ್ಕೆಗೇ ಚುಚ್ಚುತ್ತದೆ. ಪಕ್ಕೆಯ ತೂತಿಗೆ ಪಂಕ್ಚರ್ ದಾರ ನಿಲ್ಲುವುದಿಲ್ಲ, ಸ್ಟೆಪ್ನಿಯೇ ಗತಿ. ಬಳ್ಳಾರಿ ಜಾಲಿಯ ಮುಳ್ಳು ಮಾತ್ರವಾದರೆ ದಾರ ಸಾಕು, ಆದರೆ ಒಂದೇ ದಿನ ನಾಲ್ಕೈದು ಬಿದ್ದದ್ದುಂಟು. ಹತ್ತು ದಾರವಾದರೂ ಇಟ್ಟುಕೊಳ್ಳಿ.

ಹಂತ 2: ಮಣ್ಣಿಗೆ ಪಂಚಾಂಗ ಜೋಡಿಸಿ

ಇಲ್ಲಿ ಗಾಡಿ ಓಡಿಸುವ ದಿನಗಳನ್ನು ನಿರ್ಧರಿಸುವುದು ರಜೆಯಲ್ಲ, ಬೆಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎರಿ ನಾಡು ಪೂರ್ತಿ ಬಂದ್ ಎಂದೇ ಲೆಕ್ಕ ಹಿಡಿಯಿರಿ. ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿ ನಿಂತಿರುತ್ತವೆ. ಈ ನಾಲ್ಕು ತಿಂಗಳು ನಿಮ್ಮ ಕೈ ಹಿಡಿಯುವುದು ಪಶ್ಚಿಮದ ಗರಸು ದಾರಿಗಳು. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿಯ ಬಿತ್ತನೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಇವು ಮನೆ ಸೇರಿದ ಮೇಲೆ, ಫೆಬ್ರುವರಿ ಕೊನೆಯಿಂದ ಮೇ ತನಕ, ಪೂರ್ವದ ಹೊಲದ ದಾರಿಗಳು ತೆರೆದುಕೊಳ್ಳುತ್ತವೆ. ನವೆಂಬರ್‌ನಿಂದ ಜನವರಿ ನಡುವಿನ ಕಾಲ ಗದಗಿನ ಗುಡ್ಡದಂಚಿಗೆ ಹೇಳಿ ಮಾಡಿಸಿದ್ದು: ಧೂಳು ಕಡಿಮೆ, ಬಿಸಿಲು ಹಿತ, ನೆಲ ಗಟ್ಟಿ.

ಎರಡು ದಿನ ಮಾತ್ರ ಯಾವ ಹೊಲದ ದಾರಿಗೂ ಹೋಗಬೇಡಿ. ಶೀಗಿಹುಣ್ಣಿಮೆ ಮತ್ತು ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಚಕ್ಕಡಿ, ಟ್ರ್ಯಾಕ್ಟರ್ ಹೂಡಿಕೊಂಡು ಚರಗ (ಭೂಮಿತಾಯಿಗೆ ಅಡುಗೆಯ ಎಡೆ) ಚೆಲ್ಲಲು ಹೊಲಕ್ಕೆ ಹೋಗುತ್ತಾರೆ. ಎದುರಿನಿಂದ ಬಂದ ಚಕ್ಕಡಿಗೆ ಹಿಂದೆ ಸರಿದು ದಾರಿ ಬಿಡಲು ಆ ದಾರಿಗಳಲ್ಲಿ ಜಾಗವೇ ಇರುವುದಿಲ್ಲ.

ನವಲಗುಂದ ಕಡೆಯ ಎರಿ ಸೀಮೆಯಲ್ಲಿ ಹರಿಯುವ ಬೆಣ್ಣಿಹಳ್ಳದ ವಿಷಯ ಬೇರೆಯೇ ಹೇಳಬೇಕು. ಮೇಲೆ ಎಲ್ಲೋ ಮಳೆಯಾದರೆ ಸಾಕು, ನೀವಿದ್ದಲ್ಲಿ ಒಂದು ಹನಿ ಬೀಳದಿದ್ದರೂ ಹಳ್ಳ ಏರುತ್ತದೆ. ಹೊಸ ಮಹೀಂದ್ರಾ ಥಾರ್‌ಗೆ 650 ಮಿಮೀ, ಫೋರ್ಸ್ ಗೂರ್ಖಾಗೆ 700 ಮಿಮೀ ನೀರು ದಾಟುವ ಸಾಮರ್ಥ್ಯ ಇದೆ ಎಂದು ಕಂಪನಿ ಹೇಳುವುದು ನಿಂತ ನೀರಿಗೆ, ಗಟ್ಟಿ ತಳಕ್ಕೆ. ಹರಿಯುವ ನೀರಿನ ಕೆಳಗೆ ಎರಿ ಇದ್ದರೆ ಆ ಅಂಕಿ ಮರೆತುಬಿಡಿ. ನೀರು ಇಳಿಯುವ ತನಕ ದಂಡೆಯಲ್ಲಿ ಚಹಾ ಕುಡಿಯುತ್ತ ಕೂತವರ ಗಾಡಿ ಎಂದೂ ಕೊಚ್ಚಿಹೋಗಿಲ್ಲ.

ಹಂತ 3: ಊರುಗಳನ್ನು ಒಂದೊಂದಾಗಿ ತೂಗಿ

ಧಾರವಾಡದ ಪಶ್ಚಿಮ ಅಂಚಿಗೆ ನಮ್ಮ ಮೊದಲ ಮತ. ಕೆಲಗೇರಿ ದಾಟಿದರೆ ಗೋವಾ ರಸ್ತೆ, ಇನ್ನೊಂದು ಮಗ್ಗುಲಿಗೆ ಹಳಿಯಾಳ ರಸ್ತೆ; ಊರೊಳಗಿನ ಸಂದಣಿ ಮುಟ್ಟದೆ ಕೆಂಪು ಮಣ್ಣಿಗೆ ಇಳಿಯಬಹುದು. ದಾಂಡೇಲಿ 55 ಕಿಮೀ ಆಸುಪಾಸು. ಮಳೆಗಾಲದಲ್ಲೂ ಗಾಡಿ ಶೆಡ್ಡಿನಲ್ಲಿ ಕೊಳೆಯುವುದಿಲ್ಲ. ಕೊರತೆ ಎಂದರೆ ದೊಡ್ಡ ರಿಪೇರಿಗೆ ಹುಬ್ಬಳ್ಳಿಗೆ ಹೋಗಬೇಕು, ಅದೂ 20 ಕಿಮೀ ಮಾತ್ರ.

ಹುಬ್ಬಳ್ಳಿಯ ಬಲ ಗ್ಯಾರೇಜು, ಬಿಡಿಭಾಗ, ಲೇಥ್. ಗೋಕುಲ ರಸ್ತೆಯ ಕೈಗಾರಿಕಾ ವಸಾಹತು, ತಾರಿಹಾಳ, ಎರಡೂ ಕಡೆ ಕಬ್ಬಿಣ ಬಲ್ಲ ಕೈಗಳಿವೆ. ಇಲ್ಲಿ ಮನೆ ಮಾಡುವುದಾದರೆ ಕಾರವಾರ ರಸ್ತೆಯ ಮಗ್ಗುಲು ನೋಡಿ. ಕಲಘಟಗಿಗೆ 30 ಕಿಮೀ. ಬಿಆರ್‌ಟಿಎಸ್ ಮಾರ್ಗವನ್ನು (ಹುಬ್ಬಳ್ಳಿ-ಧಾರವಾಡ ನಡುವೆ ಬಸ್ಸಿಗೆಂದೇ ಇರುವ ದಾರಿ) ದಿನಕ್ಕೆರಡು ಸಲ ಅಡ್ಡ ದಾಟಬೇಕಾದ ಬಡಾವಣೆಯಾದರೆ, ರವಿವಾರ ಬೆಳಗಿನ ಆರು ಗಂಟೆಯೊಂದನ್ನು ಹೊರತುಪಡಿಸಿ ಬೇರೆ ಹೊತ್ತಿನಲ್ಲಿ ಊರು ದಾಟುವಷ್ಟರಲ್ಲೇ ಉಮೇದು ಇಳಿದಿರುತ್ತದೆ.

ಗದಗ ಎಲ್ಲರಿಗೂ ಒಗ್ಗುವ ಊರಲ್ಲ. ಕಲ್ಲಿನ ಮೇಲೆ ಲೋ ಗೇರಿನಲ್ಲಿ ಇಂಚಿಂಚು ಏರುವುದೇ ಖುಷಿ ಎನ್ನುವವರಿಗೆ ಮಾತ್ರ ಇದು ಧಾರವಾಡಕ್ಕಿಂತ ಮೇಲು. ಮಳೆ ಕಡಿಮೆ, ಆದ್ದರಿಂದ ದಕ್ಷಿಣದ ಗರಸು ದಾರಿಗಳು ವರ್ಷದ ಬಹುಪಾಲು ಒಣಗಿರುತ್ತವೆ. ಪ್ರತಿಯಾಗಿ ಧೂಳು ತಿನ್ನಬೇಕು. ಏರ್ ಫಿಲ್ಟರನ್ನು ಕಂಪನಿ ಹೇಳಿದ ಅರ್ಧ ಅವಧಿಗೇ ಬದಲಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಹುಬ್ಬಳ್ಳಿ 58 ಕಿಮೀ.

ಹಾವೇರಿ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಬಿಡಿಭಾಗಕ್ಕೆ ಹುಬ್ಬಳ್ಳಿ, ದಾವಣಗೆರೆ ಎರಡೂ ಹೆಚ್ಚುಕಡಿಮೆ ಸಮದೂರ, 75 ಕಿಮೀ ಲೆಕ್ಕ. ಹಾನಗಲ್ ದಾಟಿ ಶಿರಸಿ ಕಡೆ ಹೋದರೆ ಘಟ್ಟದ ದಾರಿ, ಪೂರ್ವಕ್ಕೆ ತುಂಗಭದ್ರೆ. ಇಷ್ಟಿದ್ದರೂ ಮನೆ ಬಾಗಿಲಿಗೆ ಹತ್ತಿರ ಏನೂ ಇಲ್ಲ. ಪ್ರತಿ ಸವಾರಿಗೂ ಒಂದು ತಾಸು ಡಾಂಬರು ತಪ್ಪದು. ನೌಕರಿ ಅಲ್ಲೇ ಇದ್ದರೆ ಸರಿ, ಇದಕ್ಕಾಗಿಯೇ ಆರಿಸಿ ಹೋಗುವ ಊರಲ್ಲ.

ಹಂತ 4: ಇಳಿಯಬಹುದಾದ ನೆಲ ಯಾವುದು ಎಂದು ದಾಖಲೆಯಲ್ಲಿ ನೋಡಿ

ಎಷ್ಟೋ ಜನ ಗುಡ್ಡ, ಕಾಡು ಹತ್ತಿರವಿದೆ ಎಂದು ಊರು ಆರಿಸಿ ಬಂದು ಕೈಸುಟ್ಟುಕೊಳ್ಳುವುದು ಇಲ್ಲಿಯೇ. ಕಪ್ಪತಗುಡ್ಡದ 244 ಚದರ ಕಿಮೀ 2019ರಿಂದ ವನ್ಯಜೀವಿಧಾಮ. ರಾಣೆಬೆನ್ನೂರಿನ ಕೃಷ್ಣಮೃಗಧಾಮ 119 ಚದರ ಕಿಮೀ, 1974ರಷ್ಟು ಹಳೆಯದು. ದಾಂಡೇಲಿಯಾಚೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಇವುಗಳೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಗಾಡಿಯೂ ಜಪ್ತಾಗುತ್ತದೆ. ಹಾಗಾಗಿ ದೂರ ಅಳೆಯುವಾಗ ಕಾಡಿನ ಅಂಚಿನ ತನಕ ಮಾತ್ರ ಅಳೆಯಿರಿ.

ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ಕಂಡರೆ ಎಲ್ಲರಿಗೂ ಆಸೆ. ಮೇಲೆ ಕಾಲಿಂಚು ಹಪ್ಪಳದಂಥ ಒಣ ಪದರ, ಕೆಳಗೆ ಹುದುಲು. ನಡುವೆ ಹೋದ ಮೇಲೆ ಒಡೆಯುತ್ತದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯಂತೂ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ). ಅದರ ಸುತ್ತಮುತ್ತ ಗಾಡಿ ಇಳಿಸುವ ಮಾತೇ ಬೇಡ. ತುಂಗಭದ್ರೆಯ ಮರಳಿಗೆ ಇಳಿದರೆ ಮರಳು ಸಾಗಿಸಲು ಬಂದವರೆಂದೇ ನಿಮ್ಮನ್ನು ನಿಲ್ಲಿಸಿ ಕೇಳುತ್ತಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ.

ಉಳಿದ ನೆಲಕ್ಕೆ ಹೀಗೆ ಮಾಡಿ. ಇಷ್ಟವಾದ ಜಾಗದಲ್ಲಿ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ. ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಆ ನಂಬರಿನ ಉತಾರವನ್ನು (ಪಹಣಿ) ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ನೋಡಿದರೆ ಒಡೆತನ ಯಾರದೆಂದು ಗೊತ್ತಾಗುತ್ತದೆ. ಅರಣ್ಯ ಎಂದಿದ್ದರೆ ಅಲ್ಲಿಗೇ ಬಿಡಿ. ಖಾಸಗಿಯಾಗಿದ್ದರೆ ಊರಿಗೆ ಹೋಗಿ ಮಾಲೀಕರನ್ನು ಕಂಡು, "ಕಾಕಾ, ನಿಮ್ಮ ಬೀಳು ಹೊಲದಾಗ ಗಾಡಿ ಓಡಿಸಬಹುದೇನ್ರಿ?" ಎಂದು ಕೇಳುವುದೇ ದಾರಿ. ಗ್ರಾಮ ನಕಾಶೆಯಲ್ಲಿ ಚಕ್ಕಡಿ ದಾರಿ ಎಂದಿದ್ದರೆ ಅದರ ಮೇಲೆ ಹೋಗಬಹುದು, ಆದರೆ ಪಕ್ಕದ ಒಡ್ಡು ಹತ್ತಿಸಬೇಡಿ. ಒಡ್ಡು ಒಡೆದರೆ ಮುಂದಿನ ಮಳೆಗೆ ಅವರ ಮೇಲ್ಮಣ್ಣು ಹರಿದುಹೋಗುತ್ತದೆ, ನಿಮಗೆ ಆ ಊರಿನ ಬಾಗಿಲು ಮುಚ್ಚುತ್ತದೆ.

ಮೂರ್ನಾಲ್ಕು ಜನ ಸೇರಿದರೆ ಇದಕ್ಕಿಂತ ಚಲೋ ಉಪಾಯವಿದೆ: ಗಾಡಿ ಓಡಿಸುವ ಅಭ್ಯಾಸಕ್ಕೆಂದೇ ಎರಡು ಎಕರೆ ಗರಸು ಭೂಮಿಯನ್ನು ವರ್ಷದ ಲಾವಣಿಗೆ (ಗುತ್ತಿಗೆಗೆ) ಹಿಡಿಯುವುದು. ಏನು ಮಾಡುತ್ತೀರಿ, ಬಿಡುವಾಗ ನೆಲವನ್ನು ಯಾವ ಸ್ಥಿತಿಯಲ್ಲಿ ಒಪ್ಪಿಸುತ್ತೀರಿ ಎಂದು ಬಾಂಡ್ ಮೇಲೆ ಬರೆಸಿ. ಮೇಲ್ಮಣ್ಣು ಅರ್ಧ ಅಡಿ ತೆಗೆದು ಒಂದು ಮೂಲೆಗೆ ಗುಡ್ಡೆ ಹಾಕಿಟ್ಟರೆ ಕೊನೆಗೆ ಮತ್ತೆ ಹರಡಬಹುದು. ಒಂದು ದಿನದ ಜೆಸಿಬಿ ಕೆಲಸದಲ್ಲಿ ಸಾಕಷ್ಟು ಆಗುತ್ತದೆ. ಎಡ ಬಲ ಚಕ್ರಗಳಿಗೆ ಒಂದು ಬಿಟ್ಟು ಒಂದರಂತೆ 40 ಸೆಂಮೀ ಎತ್ತರದ ದಿಬ್ಬಗಳನ್ನು ಮಾಡಿಸಿ, ನಡುವಿನ ಅಂತರ ಗಾಡಿಯ ವ್ಹೀಲ್‌ಬೇಸ್‌ನಷ್ಟೇ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಇರಲಿ. ಮೂರು ಬಾಗಿಲಿನ ಥಾರ್‌ಗೆ ಅದು 2450 ಮಿಮೀ, ಮಾರುತಿ ಜಿಮ್ನಿಗೆ 2590. ಎರಡೂ ಓಡುವುದಾದರೆ ಎರಡೂವರೆ ಮೀಟರ್. ಹಾಗಿದ್ದರೆ ಮುಂದಿನ ಒಂದು ಚಕ್ರವೂ ಕರ್ಣದಲ್ಲಿ ಹಿಂದಿನ ಇನ್ನೊಂದು ಚಕ್ರವೂ ಒಟ್ಟಿಗೆ ಮೇಲೇಳುತ್ತವೆ, ಸಸ್ಪೆನ್ಶನ್ ಎಷ್ಟು ಇಳಿಯುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಪಕ್ಕ ವಾಲುವ ಇಳಿಜಾರು 15 ಡಿಗ್ರಿ ಸಾಕು. ಕಲಿಯುವವರಿಗೆ ಅದೇ ಬೆವರಿಳಿಸುತ್ತದೆ.

ಹಂತ 5: ಗ್ಯಾರೇಜನ್ನು ಪರೀಕ್ಷೆ ಮಾಡಿ

ಬೋರ್ಡು ನೋಡಿ ನಂಬಬೇಡಿ. ಗಾಡಿ ಒಯ್ದು ಮಿಸ್ತ್ರಿಗೆ ಒಂದೇ ಕೆಲಸ ಹೇಳಿ: "ಆಕ್ಸಲ್ ಬ್ರೀದರ್ ನೋಡ್ರಿ." ಬ್ರೀದರ್ ಎಂದರೆ ಡಿಫರೆನ್ಶಿಯಲ್ ಡಬ್ಬಿ ಉಸಿರಾಡುವ ಸಣ್ಣ ನಳಿಕೆ. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ರಾಡಿಯಿಂದ ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಬೇರಿಂಗ್ ಗುಂಯ್ ಎನ್ನತೊಡಗುತ್ತದೆ. ಬಲ್ಲ ಮಿಸ್ತ್ರಿ ಗಾಡಿಯನ್ನು ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಡ್ರೇನ್ ಬೋಲ್ಟ್ ತುಸುವೇ ಸಡಿಲಿಸಿ ಮೊದಲ ಹನಿಗಳನ್ನು ಬೆರಳ ಮೇಲೆ ಹಿಡಿಯುತ್ತಾನೆ. ಆಯಿಲ್ ಜೇನಿನ ಬಣ್ಣದ್ದಿದ್ದರೆ ಸರಿ, ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ಬ್ರೀದರ್ ಎಲ್ಲಿದೆ ಎಂದು ನಿಮ್ಮನ್ನೇ ಕೇಳಿದರೆ ಆ ಗ್ಯಾರೇಜಿಗೆ ಎಂಜಿನ್ ಆಯಿಲ್ ಬದಲಿಸಲು ಮಾತ್ರ ಹೋಗಿ.

ಅಂದಚಂದದ ಮಾರ್ಪಾಡಿಗೆ ಉಮೇದು ತೋರಿಸುವವರ ಬಗ್ಗೆ ಎಚ್ಚರ. ಬುಲ್‌ಬಾರಿಗೆ (ಬಂಪರಿನ ಮುಂದೆ ಕೂರಿಸುವ ಲೋಹದ ಕಂಬಿ) 2017ರ ಡಿಸೆಂಬರ್‌ನಿಂದ ನಿಷೇಧವಿದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಯ್ದೆಯ ಪ್ರಕಾರ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಆ ದುಡ್ಡನ್ನು ಟೈರಿಗೂ ಹಗ್ಗಕ್ಕೂ ಹಾಕಿ.

ಹಗ್ಗ ಎಂದರೆ ಹಿಗ್ಗುವ ಕೈನೆಟಿಕ್ ಹಗ್ಗ: 9 ಮೀಟರ್, ಥಾರ್ ತೂಕಕ್ಕೆ 19 ಮಿಮೀ ದಪ್ಪ. ಜೊತೆಗೆ 4.75 ಟನ್ನಿನ ಎರಡು ಡಿ ಶ್ಯಾಕಲ್, ಒಂದು ಸಲಿಕೆ, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್, ನಂಬುವಂಥ ಗೇಜು. ಟೈರಿನ ಗಾಳಿಯ ಒತ್ತಡ ಗರಸಿನ ಮೇಲೆ 22ರಿಂದ 24 ಪಿಎಸ್‌ಐ, ರಾಡಿಯಲ್ಲಿ 18. ಅದಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಬರುವ ಸಂಭವ ಹೆಚ್ಚುತ್ತ ಹೋಗುತ್ತದೆ. ಡಾಂಬರು ಹತ್ತುವ ಮುಂಚೆ ಬಾಗಿಲ ಅಂಚಿನ ಚೀಟಿಯಲ್ಲಿ ಬರೆದಷ್ಟು ಗಾಳಿ ಮತ್ತೆ ತುಂಬಿಸಿ.

ಈ ಭಾಗದಲ್ಲಿ ಸಿಗಿಬಿದ್ದವರನ್ನು ಎಳೆಯುವುದು ಕೊನೆಗೆ ಟ್ರ್ಯಾಕ್ಟರ್ರೇ. ಬಂದವರು ಸರಪಳಿ ತಂದಿರುತ್ತಾರೆ, ಅದನ್ನು ಬಂಪರಿಗೋ ಸ್ಟೇರಿಂಗ್ ರಾಡಿಗೋ ಸುತ್ತಲು ಹೊರಡುತ್ತಾರೆ. ವಿನಯವಾಗಿ ತಡೆದು ಚಾಸಿಸ್‌ನ ಟೋ ಹುಕ್ ತೋರಿಸಿ. ಸರಪಳಿ ಹಿಗ್ಗುವುದಿಲ್ಲ, ಆದ್ದರಿಂದ ಜಗ್ಗಿ ಬಿಡುವುದು ಬೇಡ. ಬಿಗಿಮಾಡಿ ನಿಧಾನವಾಗಿ ಎಳೆಯಲಿ. ನಡುವೆ ಒಂದು ಒದ್ದೆ ಗೋಣಿಚೀಲ ಹೊದಿಸಿ, ಹರಿದರೆ ಅದು ಹಾರುವ ರಭಸ ತಗ್ಗಿಸುತ್ತದೆ. ಸರಪಳಿಯ ಉದ್ದದ ಎರಡರಷ್ಟು ದೂರಕ್ಕೆ ಮಕ್ಕಳನ್ನು ಕಳಿಸಿ. ಚಕ್ರದ ಕೆಳಗೆ ಹಾಕಲು ಬಣವೆಯಿಂದ ಕಣಿಕಿ ಹಿರಿಯಬೇಡಿ, ಅದು ದನದ ಮೇವು. ಬೇಕೇ ಬೇಕಾದರೆ ಕೇಳಿ, ದುಡ್ಡು ಕೊಟ್ಟು ತೆಗೆದುಕೊಳ್ಳಿ.

ಹಂತ 6: ಮೂರು ಸಲ ಬಂದು ನೋಡಿ

ಮೇ ತಿಂಗಳಲ್ಲಿ ಒಮ್ಮೆ, ಜುಲೈನಲ್ಲಿ ದೊಡ್ಡ ಮಳೆಯಾದ ಮಾರನೇ ದಿನ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ. ಮೂರೂ ಸಲ ಅದೇ ಮನೆಯಿಂದ ಅದೇ ದಾರಿಗೆ ಹೋಗಿ, ಬಾಗಿಲಿನಿಂದ ಮಣ್ಣು ಮುಟ್ಟುವ ತನಕದ ನಿಮಿಷ ಬರೆದಿಡಿ. ಮೂರರಲ್ಲಿ ಎರಡು ಸಲ 40 ನಿಮಿಷ ದಾಟಿದರೆ ಆ ಬಡಾವಣೆ ಬಿಡಿ. ಒಂದೇ ಸಲ ಬರಲು ಸಾಧ್ಯ ಎಂದಾದರೆ ಜುಲೈ ಆರಿಸಿ. ಮೇ ತಿಂಗಳಲ್ಲಿ ಈ ನಾಲ್ಕೂ ಊರುಗಳು ಒಂದೇ ಥರ ಕಾಣುತ್ತವೆ.

ಹಂತ 7: ಮನೆ

ಬಾಡಿಗೆ ಮಾತಾಡುವ ಮುಂಚೆ ಗೇಟು ಅಳೆಯಿರಿ. ಥಾರ್ ಎತ್ತರ ಒಂದು ಮೀಟರ್ 85 ಸೆಂಮೀ ಹತ್ತಿರ. ಮೇಲೆ ಕ್ಯಾರಿಯರ್ ಹಾಕಿದರೆ ಎರಡು ಮೀಟರ್ ದಾಟುತ್ತದೆ, ಅಪಾರ್ಟ್‌ಮೆಂಟಿನ ತಳಮಹಡಿಯ ಪೈಪು ತಗಲುತ್ತದೆ. ಅಪಾರ್ಟ್‌ಮೆಂಟ್ ಬಿಟ್ಟು ಕಾಂಪೌಂಡಿರುವ ಮನೆ ಹುಡುಕುವುದೇ ಲೇಸು.

ನೀರಿನ ಪ್ರಶ್ನೆ ಅದಕ್ಕಿಂತ ದೊಡ್ಡದು. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಮಲಪ್ರಭೆಯ ನೀರು ಬರುತ್ತದಾದರೂ ನಳ ದಿನಾ ಬಾರದ ಓಣಿಗಳಿವೆ. ಗದಗಿನಲ್ಲೂ ನೀರಿಗೆ ಕಾಯುವುದು ಹೊಸದಲ್ಲ. ರಾಡಿ ಮೆತ್ತಿದ ಒಂದು ಗಾಡಿ ತೊಳೆಯಲು 300 ಲೀಟರ್ ಎಲ್ಲಿಗೂ ಸಾಲದು. ಬೋರ್‌ವೆಲ್ ಇದೆಯೇ, ಅದರ ನೀರನ್ನು ಗಾಡಿಗೆ ಬಳಸಲು ಮಾಲೀಕರು ಒಪ್ಪುತ್ತಾರೆಯೇ, ಎರಡನ್ನೂ ಮೊದಲೇ ಕೇಳಿ. ಎರಿಯನ್ನು ಒಣಗಲು ಬಿಡಬೇಡಿ. ಒಣಗಿದರೆ ಇಟ್ಟಿಗೆಯಾಗುತ್ತದೆ, ರಿಮ್ಮಿನ ಒಳಗೆ ಒಂದು ಕಡೆ ಅಂಟಿಕೊಂಡು ಹೆದ್ದಾರಿಯಲ್ಲಿ 80 ದಾಟಿದ ಕೂಡಲೇ ಸ್ಟೇರಿಂಗ್ ನಡುಗಿಸುತ್ತದೆ. ಅಲೈನ್‌ಮೆಂಟ್ ಕೆಟ್ಟಿದೆ ಎಂದು ಗ್ಯಾರೇಜಿಗೆ ಓಡುವವರಲ್ಲಿ ಎಷ್ಟೋ ಜನಕ್ಕೆ ಬೇಕಾಗಿದ್ದು ಒಂದು ಬಕೆಟ್ ನೀರು. ತಡವಾಗಿ ಮನೆ ಸೇರಿದರೆ ಚಕ್ರದ ಗೂಡುಗಳಿಗೆ ಒದ್ದೆ ಗೋಣಿ ತುರುಕಿ ಮಲಗಿ, ಬೆಳಿಗ್ಗೆ ಮಣ್ಣು ತಾನಾಗಿ ಬಿಡುತ್ತದೆ. ಪ್ರೆಶರ್ ವಾಷರಿನ ಮೂತಿಯನ್ನು ರೇಡಿಯೇಟರಿಗೆ, ಆಯಿಲ್ ಸೀಲುಗಳಿಗೆ, ವೈರಿನ ಸಾಕೆಟ್ಟುಗಳಿಗೆ ನೇರ ಹಿಡಿಯಬೇಡಿ.

ತೊಳೆದ ನೀರನ್ನು ಸೀದಾ ಗಟಾರಕ್ಕೆ ಬಿಟ್ಟರೆ ಎರಡನೇ ಮಳೆಗಾಲದ ಹೊತ್ತಿಗೆ ಗಟಾರ ಕಟ್ಟಿಕೊಂಡು ಓಣಿಯೆಲ್ಲ ನಿಮ್ಮ ಬಾಗಿಲಿಗೆ ಬರುತ್ತದೆ. ತೊಳೆಯುವ ಜಾಗದ ತುದಿಗೆ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ತಗ್ಗು ತೋಡಿ, ಇಟ್ಟಿಗೆ ಕಟ್ಟಿ, ಮೇಲಿನಿಂದ ನಾಲ್ಕಿಂಚು ಕೆಳಗೆ ಹೊರಹೋಗುವ ಪೈಪು ಇಡಿ. ಮಣ್ಣು ತಳಕ್ಕೆ ಕೂರುತ್ತದೆ, ತಿಳಿನೀರು ಮಾತ್ರ ಮುಂದೆ ಹೋಗುತ್ತದೆ. ತಿಂಗಳಿಗೊಮ್ಮೆ ಆ ಮಣ್ಣನ್ನು ಸಲಿಕೆಯಿಂದ ಎತ್ತಿ ಗಿಡಗಳ ಬುಡಕ್ಕೆ ಹಾಕಿ. ಬಾಡಿಗೆ ಮನೆಯಾದರೆ ತಗ್ಗು ತೋಡುವ ಮುಂಚೆ ಮಾಲೀಕರ ಒಪ್ಪಿಗೆಯನ್ನು ಕರಾರುಪತ್ರದಲ್ಲೇ ಬರೆಸಿಕೊಳ್ಳಿ.